ಅರವತ್ತೈದು ದಾಟಿದರೆ ತಂಗಿಯಲ್ಲವೇ ಅಣ್ಣಾ?

ಮಹಾರಾಷ್ಟ್ರ ಸರ್ಕಾರದ ಸಮಸ್ತ ಅಣ್ಣಂದಿರಿಗೆ ಘಾಟ್ಕೋಪರ್‌ನಿಂದ ನಮಸ್ಕಾರ.

2024ರಲ್ಲಿ ನೀವು ‘ಲಾಡಕಿ ಬಹೀಣ್’ ಯೋಜನೆ ತಂದು, 21ರಿಂದ 65 ವರ್ಷದ ಹೆಂಗಸರನ್ನು ಮುದ್ದಿನ ತಂಗಿಯರೆಂದು ಕರೆದು, ತಿಂಗಳಿಗೆ 1,500 ರೂಪಾಯಿ ಖಾತೆಗೆ ಹಾಕಿದಿರಿ. ಮನೆಯ ವರ್ಷದ ಆದಾಯ ಎರಡೂವರೆ ಲಕ್ಷ ದಾಟಬಾರದು. ಇಲ್ಲಿನ ಅಸಲ್ಫಾ ಗುಡ್ಡದ ಖೋಲಿಗಳಲ್ಲಿ ಆ ದುಡ್ಡಿಗೆ ಬೆಲೆಯಿದೆ, ಸುಳ್ಳು ಹೇಳಲಾರೆ. ಆದರೆ 65 ಮುಗಿದದ್ದೇ ತಡ, ತಂಗಿಯನ್ನು ‘ಶ್ರಾವಣಬಾಳ’ ಪಿಂಚಣಿಯ ಸಾಲಿಗೆ ದಾಟಿಸುತ್ತೀರಿ. ಮೊತ್ತ ಅದೇ 1,500. ಅಲ್ಲಿ ಮಾತ್ರ ಬಡತನರೇಖೆಯ ಪಟ್ಟಿಯಲ್ಲಿ ಹೆಸರಿರಬೇಕು, ಇಲ್ಲವೇ ಇಡೀ ಮನೆಯ ವಾರ್ಷಿಕ ಆದಾಯ 21,000ದೊಳಗಿರಬೇಕು. ತಿಂಗಳಿಗೆ 1,750! ನಿನ್ನೆಯವರೆಗೆ ಇಪ್ಪತ್ತು ಸಾವಿರ ದುಡಿದರೂ ಬಡವರದಾಗಿದ್ದ ಮನೆ, ಮುದುಕಿಗೆ ಒಂದು ವರ್ಷ ಹೆಚ್ಚಾದ ಮಾತ್ರಕ್ಕೆ ಸಾಹುಕಾರರ ಮನೆಯಾಯಿತು. ಆ ಪಿಂಚಣಿಗೆ ಹೆಸರು ಕೊಟ್ಟ, ಹೆತ್ತವರನ್ನು ಅಡ್ಡೆಯಲ್ಲಿ ಕೂರಿಸಿ ಹೊತ್ತ ಶ್ರವಣಕುಮಾರ ಅದಕ್ಕೂ ಮೊದಲು ತಹಶೀಲ್ದಾರರ ‘ಉತ್ಪನ್ನಾಚಾ ದಾಖಲಾ’ (ಆದಾಯ ಪ್ರಮಾಣಪತ್ರ) ಕೇಳಿದನೆಂದು ಯಾವ ಪುರಾಣದಲ್ಲೂ ಇಲ್ಲ.

ಮುದುಕರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಸರ್ಕಾರ ಏಕೆ ಕೊಡಬೇಕು ಎನ್ನುತ್ತೀರಿ. ಧರ್ಮವನ್ನು 2007ರಲ್ಲೇ ಕಾನೂನು ಮಾಡಿ ಆಗಿದೆ: ಹೆತ್ತವರನ್ನು ಬೀದಿಪಾಲು ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರಿಯೇ. ಬಿಟ್ಟವನಿಗೆ ಜೈಲಾಯಿತು; ಬಿಡದವನಿಗೆ ಏನು? ಹಾಸಿಗೆ ಹಿಡಿದ ಅತ್ತೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಡೈಪರ್ ಕಟ್ಟಿ, ಬೆನ್ನಿಗೆ ಹುಣ್ಣಾಗದಂತೆ ಪೌಡರ್ ಹಾಕುವ ಸೊಸೆ ಮನೆಗೆಲಸದ ಸಂಬಳ ಬಿಟ್ಟು ಕೂತಿರುತ್ತಾಳೆ. ಆ ನಷ್ಟ ನಿಮ್ಮ ಯಾವ ನಮೂನೆಯ ಯಾವ ಕಾಲಂನಲ್ಲೂ ಇಲ್ಲ. ನಿಮ್ಮ ‘ವಯೋಶ್ರೀ’ ಯೋಜನೆಯಲ್ಲಿ ವೃದ್ಧರಿಗೆ ಕೊಡುವ 3,000 ಒಮ್ಮೆ ಮಾತ್ರ, ಕನ್ನಡಕಕ್ಕೋ ಊರುಗೋಲಿಗೋ. ಅದಕ್ಕೆ ಆದಾಯಮಿತಿ ಎರಡು ಲಕ್ಷ. ಒಂದೇ ಖೋಲಿಯ ಬಡತನ ಅಳೆಯಲು ಮೂರು ಅಳತೆಗೋಲು! ಇನ್ನು ಕೇಂದ್ರದ ದೊಡ್ಡಣ್ಣ, 80ರೊಳಗಿನ ಬಡ ವೃದ್ಧರಿಗೆ ತನ್ನ ಪಾಲಿನಿಂದ 2007ರಿಂದಲೂ ಅದೇ 200 ರೂಪಾಯಿ ಕೊಡುತ್ತಿದ್ದಾನೆ.

ಮಿತಿ ಸಡಿಲಿಸಿದರೆ ಕಳ್ಳರು ನುಗ್ಗುತ್ತಾರೆ ಎಂಬ ನಿಮ್ಮ ಭಯವನ್ನು ಗೌರವಿಸುತ್ತೇನೆ. ಲಾಡಕಿ ಬಹೀಣ್‌ನಲ್ಲಿ 14 ಸಾವಿರಕ್ಕೂ ಹೆಚ್ಚು ಗಂಡಸರು ತಂಗಿಯರಾಗಿ ಹಣ ಪಡೆದದ್ದು 2025ರಲ್ಲಿ ವರದಿಯಾಯಿತಲ್ಲ. ಮೀಸೆಯುಳ್ಳವರನ್ನು ಅಷ್ಟು ಸಲೀಸಾಗಿ ಒಳಗೆ ಬಿಟ್ಟ ಗಣಕಯಂತ್ರ, ಆಧಾರ್‌ನಲ್ಲೇ ಹುಟ್ಟಿದ ವರ್ಷವಿರುವ ಮುದುಕಿಯನ್ನು ಮಾತ್ರ ಶಂಕಿಸುವುದು ಸೋಜಿಗ. ಬೊಕ್ಕಸ ಬರಿದು ಎಂದರೆ ಅದೂ ಒಪ್ಪಿಗೆ. ಆದರೆ ಚುನಾವಣೆಯಲ್ಲಿ 1,500ನ್ನು 2,100 ಮಾಡುವೆನೆಂದ ಬಾಯಿಗೆ, 21,000ದ ಮಿತಿಯನ್ನು ಎರಡೂವರೆ ಲಕ್ಷ ಮಾಡುತ್ತೇನೆನ್ನಲು ಏನು ಅಡ್ಡಿ?

ಅಲ್ಲಿಯವರೆಗೆ 65 ದಾಟಿದವರನ್ನು ಅಕ್ಕ ಎಂದಾದರೂ ದಾಖಲಿಸಿಕೊಳ್ಳಿ. ಅಕ್ಕನಿಗೆ ವಯೋಮಿತಿ ಹಾಕಿದ ಆದೇಶ ನಿಮ್ಮ ಕಡತದಲ್ಲಿ ಇರಲಾರದು.

ಇತಿ,
ಘಾಟ್ಕೋಪರ್‌ನ ಒಬ್ಬ ಕನ್ನಡಿಗ