ಮಯೂರಖಂಡಿ ಪ್ರಾಂತ್ಯದಲ್ಲಿ ಟೆನ್ಷನ್ನಿನ ಸ್ತ್ರೀ-ಪುರುಷ ವಿಲೇವಾರಿ: ಒಂದು ಮೀಮಾಂಸೆ

ಪ್ರಸ್ತಾವನೆ

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯೇ ರಾಷ್ಟ್ರಕೂಟರ ಮಯೂರಖಂಡಿ ಎಂಬುದು ಒಂದು ಪಂಡಿತ ಪಕ್ಷ. ಅಲ್ಲ, ಅದು ನಾಸಿಕದ ಕಡೆಯ ಗುಡ್ಡ ಎಂಬುದು ಇನ್ನೊಂದು. ಮೂರನೆಯ ಗೋವಿಂದ ತನ್ನ ತಾಮ್ರಶಾಸನಗಳಲ್ಲಿ ಕೆಲವನ್ನು ಮಯೂರಖಂಡಿಯಿಂದ ಹೊರಡಿಸಿದ್ದು ಮಾತ್ರ ಖರೆ. ಈ ಪ್ರಬಂಧವು ಮೊದಲ ಪಕ್ಷವನ್ನು ಹಿಡಿದಿದೆ. ಅದಕ್ಕೆ ಶಾಸ್ತ್ರೀಯವಾದ ಕಾರಣವಿದೆ: ನಾಸಿಕಕ್ಕೆ ಹೋಗಿಬರುವ ಖರ್ಚನ್ನು ಯಾರೂ ಕೊಡಲೊಪ್ಪಲಿಲ್ಲ.

ಗೋವಿಂದನಿಗೆ ಎಂತೆಂಥ ಟೆನ್ಷನ್ನುಗಳಿದ್ದವು ಎಂಬುದಕ್ಕೆ ಶಾಸನಾಧಾರ ಧಾರಾಳವಾಗಿದೆ. ಪಟ್ಟಕ್ಕಾಗಿ ಅಣ್ಣ ಸ್ತಂಭನ ಜೊತೆ ಜಗಳ, ಅಣ್ಣನ ಬೆನ್ನಿಗೆ ಹನ್ನೆರಡು ಅರಸರ ಗುಂಪು, ಉತ್ತರಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ದಂಡಯಾತ್ರೆ. ರಾಣಿ ಗಾಮುಂಡಬ್ಬೆಯ ಹೆಸರು 804ರ ಕನ್ನಡ ತಾಮ್ರಪಟದಲ್ಲಿ ಬರುತ್ತದೆ. ಆಕೆಯ ತಲೆನೋವು ಬರುವುದಿಲ್ಲ. ಇದರಿಂದ ನಮ್ಮ ಮೊದಲ ಸಿದ್ಧಾಂತ ಸಿದ್ಧವಾಗುತ್ತದೆ: ಗಂಡಸಿನ ಟೆನ್ಷನ್ ಇತಿಹಾಸ, ಹೆಂಗಸಿನ ಟೆನ್ಷನ್ ದಿನಚರಿ.

ಪೂರ್ವಸೂರಿಗಳ ಪರಾಮರ್ಶೆ

ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಒಂದು ಗ್ರಂಥ ಬರೆದು, ಆಪತ್ತು ಎದುರಾದ ಪ್ರಾಣಿ ಹೊಡೆದಾಟಕ್ಕೆ ನಿಲ್ಲುತ್ತದೆ, ಇಲ್ಲವೇ ಓಟ ಕೀಳುತ್ತದೆ ಎಂದು ತೋರಿಸಿದ. ಅಡ್ರಿನಲಿನ್ ಏರುತ್ತದೆ, ಎದೆ ಬಡಿಯುತ್ತದೆ, ಅನ್ನ ಅರಗುವುದು ನಿಲ್ಲುತ್ತದೆ. ಮೋರಖಂಡಿಯ ಹೊಲದಲ್ಲಿ ಇದನ್ನು ಒರೆಗೆ ಹಚ್ಚಿದೆವು. ತೊಗರಿ ರೇಟು ಬಿದ್ದಾಗ ಹೊಡೆದಾಡಬೇಕಾದದ್ದು ಯಾರ ಜೊತೆ ಎಂಬುದು ಸ್ಪಷ್ಟವಿಲ್ಲ. ಓಡುವ ಆಯ್ಕೆಗೆ ಸರಕಾರ ಅನುಕೂಲ ಮಾಡಿದೆ: ಇದೇ ಸೀಮೆಯಲ್ಲಿ ಹಾದುಹೋಗುವ 65ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಒಂದು ಕಡೆ ಪುಣೆಗೂ ಇನ್ನೊಂದು ಕಡೆ ಹೈದರಾಬಾದಿಗೂ ಮುಟ್ಟಿಸುತ್ತದೆ. ಓಡಿದವರು ಅಲ್ಲಿ ಕಟ್ಟಡ ಕಟ್ಟುತ್ತಾರೆ, ವಾಚ್‌ಮನ್ ಆಗುತ್ತಾರೆ, ಎಳ್ಳಮಾಸಿಗೆ ಭಜ್ಜಿ ತಿನ್ನಲು ತಿರುಗಿ ಬರುತ್ತಾರೆ. ಕ್ಯಾನನ್ನನ ಪ್ರಾಣಿಗಳು ಹೀಗೆ ಹಬ್ಬಕ್ಕೆ ತಿರುಗಿ ಬಂದದ್ದಕ್ಕೆ ದಾಖಲೆಯಿಲ್ಲ.

2000ದಲ್ಲಿ ಕ್ಯಾಲಿಫೋರ್ನಿಯಾದ ಶೆಲ್ಲಿ ಟೇಲರ್ ಮತ್ತು ಸಂಗಡಿಗರು ಒಂದು ಆಕ್ಷೇಪವೆತ್ತಿದರು. ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು 1995ಕ್ಕೆ ಮುಂಚೆ ನಡೆದ ಅಧ್ಯಯನಗಳಲ್ಲಿ ಹೆಂಗಸರು ಇದ್ದದ್ದು ಸುಮಾರು ಶೇ. 17 ಮಾತ್ರ, ಅಂದಮೇಲೆ ಇದು ಮನುಷ್ಯರ ಸಿದ್ಧಾಂತ ಹೇಗಾದೀತು? ಹೆಣ್ಣಿನ ಹಾರ್ಮೋನು ಏರಿಳಿದು ಲೆಕ್ಕ ಕೆಡಿಸುತ್ತದೆ ಎಂಬುದು ಅವರನ್ನು ಬಿಟ್ಟುದಕ್ಕೆ ಹೇಳುತ್ತಿದ್ದ ನೆಪ. ಮನೆಯ ಲೆಕ್ಕವನ್ನೆಲ್ಲ ಹೆಂಗಸರ ತಲೆಗೆ ಕಟ್ಟಿ, ವಿಜ್ಞಾನದ ಲೆಕ್ಕದಿಂದ ಅವರನ್ನು ಹೊರಗಿಟ್ಟ ವಿಧಾನಶಾಸ್ತ್ರ ಮೆಚ್ಚಬೇಕಾದದ್ದೇ. ಟೇಲರ್ ಪ್ರಕಾರ ಹೆಂಗಸರು ಕಷ್ಟ ಬಂದಾಗ ಮಕ್ಕಳನ್ನು ಅವುಚಿಕೊಂಡು, ನಾಲ್ಕು ಜನರ ಸಂಗ ಹಿಡಿಯುತ್ತಾರೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ಇದಕ್ಕೆ ನೆರವಾಗುತ್ತದೆ. ನಮ್ಮ ಭಾಗದಲ್ಲಿ ಹಾರ್ಮೋನು ಸಾಲದು, ಕೈಯಲ್ಲೊಂದು ಕೆಲಸವೂ ಬೇಕು. ಇದನ್ನು ಮುಂದೆ ಸಾಧಿಸಲಾಗುವುದು.

ಇನ್ನು 1992ರಲ್ಲಿ ಗಂಡಸರು ಮಂಗಳ ಗ್ರಹದವರು, ಹೆಂಗಸರು ಶುಕ್ರ ಗ್ರಹದವರು ಎಂದು ಬರೆದು ಕೋಟ್ಯಧಿಪತಿಯಾದ ಜಾನ್ ಗ್ರೇ. ಚಿಂತೆ ಹತ್ತಿದ ಗಂಡಸು ತನ್ನ ಗವಿಯೊಳಗೆ ಹೊಕ್ಕು ಕೂಡುತ್ತಾನೆ ಎಂಬುದು ಆತನ ವಾದ. ಬಸವಕಲ್ಯಾಣಕ್ಕೆ ಬಂದಿದ್ದರೆ ಈ ಪುಸ್ತಕ ಅಚ್ಚಾಗುತ್ತಿರಲಿಲ್ಲ. ಇಲ್ಲಿ ಶರಣ ನುಲಿಯ ಚಂದಯ್ಯನ ಗವಿಯೂ ಇದೆ, ಶರಣೆ ಅಕ್ಕನಾಗಮ್ಮನ ಗವಿಯೂ ಇದೆ.

ಕ್ಷೇತ್ರಕಾರ್ಯ

ಗಂಡಸರನ್ನು ಕಟ್ಟೆಯ ಮೇಲೆ ಅವಲೋಕಿಸಲಾಯಿತು. ವಿಧಾನ ಸರಳವಾದದ್ದು: ಎಡ ಅಂಗೈಯಲ್ಲಿ ತಂಬಾಕು, ಅದರ ಮೇಲೆ ಸುಣ್ಣ, ಬಲ ಹೆಬ್ಬೆರಳಿನಿಂದ ತಿಕ್ಕುವುದು. ಸಾಲ ಎಷ್ಟು ದೊಡ್ಡದೋ ತಿಕ್ಕಾಟ ಅಷ್ಟು ದೀರ್ಘ. ನಡುನಡುವೆ ಚಾ. "ಹೆಂಗ ನಡದದ ಕಾಕಾ?" ಎಂದು ಕೇಳಿದರೆ "ಆರಾಮ ಅದ" ಎಂಬ ಉತ್ತರ. ಉತ್ತರ ಕೊಟ್ಟವರ ಬೋರ್‌ವೆಲ್ ಬತ್ತಿತ್ತು, ಮಗಳ ಮದುವೆ ಗೊತ್ತಾಗಿತ್ತು, ಬ್ಯಾಂಕಿನ ನೋಟೀಸು ಅಂಗಿಯ ಕಿಸೆಯಲ್ಲೇ ಇತ್ತು. ನಂತರದ ಚರ್ಚೆ ಮೋದಿ, ಟ್ರಂಪ್, ಸಕ್ಕರೆ ಕಾರ್ಖಾನೆಯ ಬಾಕಿ, ಎಂಎಲ್‌ಎ ಯಾವ ಪಾರ್ಟಿಗೆ ಹಾರುತ್ತಾನೆ ಎಂಬ ದಿಕ್ಕಿನಲ್ಲಿ ಸಾಗಿತು. ತನ್ನ ಕಷ್ಟವನ್ನು ಬಿಟ್ಟು ಭೂಮಂಡಲದ ಕಷ್ಟವನ್ನೆಲ್ಲ ಹೊರುವ ಈ ಕ್ರಮಕ್ಕೆ ನಾವು 'ವಿಶ್ವಭಾರವಹನ ಯೋಗ' ಎಂದು ಹೆಸರಿಟ್ಟಿದ್ದೇವೆ. ಶೇಕಡಾವಾರು ಕೊಡುವ ಉದ್ದೇಶವಿತ್ತು. ಆದರೆ ಅಂಕಿ ಕೇಳಿದ ಕೂಡಲೆ ಎಲ್ಲರೂ ತಂತಮ್ಮ ಬೋರಿನ ಆಳ ಹೇಳತೊಡಗಿದ್ದರಿಂದ ಕೈಬಿಡಲಾಯಿತು.

ಹೆಂಗಸರ ಕಟ್ಟೆ ಎಲ್ಲಿದೆ ಎಂದು ಹುಡುಕಲಾಗಿ, ಅಂಥದೊಂದು ಸಿಗಲಿಲ್ಲ. ಇಲ್ಲಿಂದ ಪ್ರಬಂಧಕಾರನ ನಿಜವಾದ ಕಷ್ಟ ಶುರುವಾಯಿತು. ಹೆಂಗಸರು ಟೆನ್ಷನ್ ಕಳೆದುಕೊಳ್ಳುವ ಜಾಗಗಳೆಲ್ಲ ಕೆಲಸದ ಜಾಗಗಳೇ ಆಗಿದ್ದವು. ನಳದ ಹತ್ತಿರ ಪಾಳಿ ಹಚ್ಚಿದ ಕೊಡ. ಕಳೆ ತೆಗೆಯುವ ಸಾಲು. ಹಿಂದೆ ಬೀಸುವ ಕಲ್ಲಿನ ಮುಂದೆ ಅತ್ತೆಯ ಮೇಲಿನ ಸಿಟ್ಟೂ ತವರಿನ ನೆನಪೂ ಜೋಳದ ಜೊತೆ ಹಿಟ್ಟಾಗುತ್ತಿದ್ದವು, ಮೇಲಿಂದ ಹಾಡೂ ಹುಟ್ಟುತ್ತಿತ್ತು. ಗಿರಣಿ ಬಂದು ಹಾಡನ್ನು ಕಸಿಯಿತು. ಆದರೆ ಗಿರಣಿ ಮುಂದೆ ಡಬ್ಬಿ ಇಟ್ಟುಕೊಂಡು ನಿಲ್ಲುವ ಅರ್ಧ ತಾಸನ್ನು ಕೊಟ್ಟಿತು. ಆ ಸದ್ದಿನಲ್ಲಿ ಏನು ಮಾತಾಡಿದರೂ ಮೂರನೆಯವರಿಗೆ ಕೇಳಿಸದು. ಗೌಪ್ಯತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕೌನ್ಸೆಲಿಂಗ್ ಕೇಂದ್ರ ಈ ಭಾಗದಲ್ಲಿ ಕಂಡುಬರಲಿಲ್ಲ.

ವಾರದ ಸಂಘ ಇನ್ನೊಂದು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬರುವ ಹೊತ್ತಿಗೆ ಬೀದರ ಜಿಲ್ಲೆಗೆ ಸ್ವಸಹಾಯ ಗುಂಪು ಹೊಸದೇನಾಗಿರಲಿಲ್ಲ. ಸಂಘದ ಕಂತು ಟೆನ್ಷನ್ ಕೊಡುತ್ತದೆ, ಕಂತು ಕಟ್ಟಲು ಕೂಡುವ ಸಭೆ ಅದನ್ನು ಇಳಿಸುತ್ತದೆ. ರೋಗವನ್ನೂ ಮದ್ದನ್ನೂ ಒಂದೇ ಪಾಸ್‌ಬುಕ್ಕಿನಲ್ಲಿ ಕೊಡುವ ವ್ಯವಸ್ಥೆ.

ಮಾತಾಡಲು ಯಾರೂ ಇಲ್ಲದ ಹೊತ್ತಿನ ಸಲಕರಣೆ ರೊಟ್ಟಿ. ಜೋಳದ ಹಿಟ್ಟು ನಾದಿ, ಕೊಣಮಿಗೆಯಲ್ಲಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತದೆ. ನಿಧಾನವಾಗಿ, ಸಮನಾಗಿ ಬಡಿದರೆ ಮನೆ ಶಾಂತ. ಸದ್ದು ಬಿರುಸಾದರೆ ಗಂಡ ಕಟ್ಟೆಯಿಂದ ಇನ್ನೂ ಬಂದಿಲ್ಲ. ಸದ್ದು ನಿಂತೇಹೋದರೆ ಬಂದಿದ್ದಾನೆ. ಊಟಕ್ಕೆ ಕೂತವರು ರೊಟ್ಟಿ ತೆಳುವಾಗಿ ಚೆಂದ ಬಂದಿದೆ ಎಂದು ಹೊಗಳುತ್ತಾರೆ; ಅದು ಯಾವ ಸಿಟ್ಟಿನಲ್ಲಿ ತೆಳುವಾಯಿತು ಎಂದು ವಿಚಾರಿಸುವುದಿಲ್ಲ.

ಶಾಸ್ತ್ರಾಧಾರ, ಪುರಾತನಾಧಾರ

ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ (1076–1126) ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದ. ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿದ್ದು ಆತನ ದೊಡ್ಡ ಸಾಧನೆ. ಹೆಂಡತಿ ಇರುತ್ತ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಮೊದಲನೆಯವಳಿಗೆ ಕೊಡಬೇಕಾದ 'ಆಧಿವೇದನಿಕ' ಸ್ತ್ರೀಧನದಲ್ಲಿ ಒಂದು. ಭರತಖಂಡದ ಟೆನ್ಷನ್ ಭತ್ಯೆ ಇದೇ ಎಂದು ಈ ಪ್ರಬಂಧ ಪ್ರತಿಪಾದಿಸುತ್ತದೆ. ಹೆಂಗಸಿಗೆ ಹುಡುಕಿ ಸಿಕ್ಕ ವಸ್ತುವೂ ಆಕೆಯ ಧನವೇ ಎಂದು ವಿಜ್ಞಾನೇಶ್ವರ ಸೇರಿಸಿದ್ದಾನೆ. ಕಳೆದುಹೋದ ಚಾಳೀಸು, ರೇಷನ್ ಕಾರ್ಡು, ಪಹಣಿ ಎಲ್ಲವನ್ನೂ ಮನೆಯಲ್ಲಿ ಹುಡುಕಿಕೊಡುವವಳು ಆಕೆಯೇ ಆದ್ದರಿಂದ, ಮಿತಾಕ್ಷರದ ಪ್ರಕಾರ ಮೋರಖಂಡಿಯ ಬಹುಪಾಲು ಹೊಲ ಹೆಂಗಸರ ಹೆಸರಿಗೆ ಆಗಬೇಕು. ವಕೀಲರು ಪರಿಶೀಲಿಸಲಿ.

ಮುಂದಿನ ದಾಖಲೆ ಇದೇ ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯನದು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಆತನ ಕಾಯಕ. ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕವನ್ನೇ ಮರೆತು ಕೂತಾಗ, ಹೆಂಡತಿ ಲಕ್ಕಮ್ಮ ಬಂದು ಎಬ್ಬಿಸಿದಳು. ಇನ್ನೊಮ್ಮೆ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕಿದ್ದನ್ನು ಅಲ್ಲಿಗೇ ಮುಟ್ಟಿಸಿ ಬಾ ಎಂದಳು. ನಾಳೆಯ ಚಿಂತೆಗೆ ಗಂಡಸು ಕೂಡಿಡುತ್ತಾನೆ, ಹೆಂಗಸು ಸಂಗ ಹುಡುಕುತ್ತಾಳೆ ಎಂಬ ನಿಯಮಕ್ಕೆ ಲಕ್ಕಮ್ಮ ಒಗ್ಗುವುದಿಲ್ಲ. ಆಕೆ ಗಂಡನ ಚಿಂತೆಯ ಬುಡಕ್ಕೇ ಕೈಹಾಕಿದಳು. ಇಂಥ ಅಪವಾದಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ಶಾಸ್ತ್ರದ ರೂಢಿ. ಈ ಪ್ರಬಂಧಕ್ಕೆ ಅಡಿಟಿಪ್ಪಣಿ ಇಲ್ಲ, ಹಾಗಾಗಿ ಆಕೆ ಇಲ್ಲೇ ಇರುತ್ತಾಳೆ.

ಸಾರಿಗೆಯ ಪಾತ್ರ

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾಗಿ, ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸು ಪುಕ್ಕಟೆಯಾಯಿತು. ಕ್ಯಾನನ್ ಗಂಡಸಿಗೆ ಬರೆದುಕೊಟ್ಟಿದ್ದ ಓಟದ ಹಕ್ಕು ಹೀಗೆ ಹೆಣ್ಣಿಗೂ ದಕ್ಕಿತು. ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕನಗರದ ಮಾಣಿಕಪ್ರಭುಗಳ ದರ್ಶನಕ್ಕೆಂದು ಹೊರಟವರು ಕಿಟಕಿಗೆ ತಲೆಯಾನಿಸಿ ಅರ್ಧ ದಾರಿ ನಿದ್ದೆ ಮಾಡುತ್ತಾರೆ. ಯಾರೂ ಚಾ ಕೇಳದ ಆ ನಿದ್ದೆಯೇ ಪ್ರಸಾದ ಎಂದು ನಮ್ಮ ಊಹೆ. ತವರು ಉಮರ್ಗಾ ಕಡೆ ಇದ್ದವರ ಕಷ್ಟ ಬೇರೆ: ಗಡಿ ದಾಟಿ ಮಹಾರಾಷ್ಟ್ರದ ಬಸ್ಸು ಹತ್ತಿದರೆ ಅರ್ಧ ಟಿಕೆಟು. ರಾಜ್ಯ ಪುನರ್ವಿಂಗಡಣೆ ಮಾಡಿದವರು 1956ರಲ್ಲಿ ಇದನ್ನು ಯೋಚಿಸಿರಲಿಕ್ಕಿಲ್ಲ.

ಒಂದು ಅಂಕಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಮಂದಿ; ಅವರಲ್ಲಿ ಗಂಡಸರು 1,18,979. "ಆರಾಮ ಅದ" ಎಂಬ ಉತ್ತರವನ್ನು ಕ್ಷೇತ್ರಕಾರ್ಯದಲ್ಲಿ ಬರೆದುಕೊಂಡ ಹಾಳೆಗಳನ್ನು ಈ ಅಂಕಿ ನೋಡಿದ ಮೇಲೆ ಮತ್ತೊಮ್ಮೆ ಓದಬೇಕಾಯಿತು. ಪ್ರಬಂಧದ ಈ ಭಾಗದಲ್ಲಿ ಅಣಕಕ್ಕೆ ಜಾಗವಿಲ್ಲ.

ಮುಂದಿನ ಸಂಶೋಧನೆಗೆ ಬೇಡಿಕೆ

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಹೆಣ್ಣು-ಗಂಡು ಒಂದೇ ಕಡೆ ಕೂತು ಮಾತಾಡಿದ ಜಾಗದ ನೆನಪಿಗೆ ನೂರಾರು ಕೋಟಿ ಬೇಕಾಗುವಾಗ, ನಮ್ಮ ಬೇಡಿಕೆ ತೀರ ಸಣ್ಣದು. ಮೋರಖಂಡಿಯಲ್ಲಿ ಒಂದು ಕಟ್ಟೆ, ಅದರ ಮೇಲೊಂದು ಬೇವಿನ ನೆರಳು. ದಿನಕ್ಕೆ ಎರಡು ತಾಸು ಊರಿನ ಹೆಂಗಸರು ಅಲ್ಲಿ ಕೂಡಬೇಕು. ಕೈಯಲ್ಲಿ ಹಸನು ಮಾಡುವ ತೊಗರಿಬೇಳೆ, ಬಿಡಿಸುವ ಹಸಿಕಡಲೆ, ಮೊಮ್ಮಗು, ಸಂಘದ ಪಾಸ್‌ಬುಕ್ಕು ಯಾವುದೂ ಇರಬಾರದು. ಸುಮ್ಮನೆ ಕೂಡಬೇಕು. ಆ ಎರಡು ತಾಸಿನಲ್ಲಿ ಗಂಡಸರ ರಕ್ತದೊತ್ತಡ ಅಳೆಯಲು ಒಂದು ಯಂತ್ರ, ಒಬ್ಬ ಕಂಪೌಂಡರ್, ಮತ್ತು ಎಲ್ಲರಿಗೂ ಚಾ ಮಾಡಲು ಒಬ್ಬ ಗಂಡಾಳನ್ನು ಮಂಜೂರು ಮಾಡಬೇಕೆಂದು ಕೋರಿಕೆ.