ಕಂಪನಿ ಸರ್ಕಾರದ ರಾಮಭಕ್ತಿ

ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಒಂದು ಸಂಜೆ ಅಡ್ಡಾಡಿ ಬನ್ನಿ, ಈಸ್ಟ್ ಇಂಡಿಯಾ ಕಂಪನಿಯಷ್ಟು ದೈವಭಕ್ತರು ಇನ್ನಿಲ್ಲ ಅನ್ನಿಸದಿದ್ದರೆ ಕೇಳಿ. ಫುಟ್‌ಪಾತಿನ ತಾಮ್ರದ ಬಿಲ್ಲೆಯಲ್ಲಿ ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ; ಇನ್ನೊಂದು ಕಡೆ ಕಂಪನಿಯ ಹೆಸರು, ಅರ್ಧ ಆಣೆ, 1818. ಇನ್ನೂ ಹಳೇದು ಬೇಕೆ? 1717 ಇದೆ, 1616 ಇದೆ. ಇಸವಿಗೂ ಪ್ರಾಸ! ‘ಅಕ್ಕಿ ಎಳೆಯುತ್ತೆ ಸಾರ್’ ಅಂತ ಕಿವಿಯಲ್ಲಿ ಉಸುರುವವರೂ ಉಂಟು. ಅಕ್ಕಿ ಎಳೆಯೋ ನಾಣ್ಯ ಇಟ್ಟುಕೊಂಡವರು ರೇಷನ್ ಅಂಗಡಿ ಕ್ಯೂನಲ್ಲಿ ಯಾಕಪ್ಪಾ ನಿಲ್ಲಬೇಕು? ಕಂಪನಿ ಇಂಥ ಒಂದೂ ನಾಣ್ಯ ಟಂಕಿಸಿಲ್ಲ. ಲಾಭಕ್ಕೆ ಬಂದವರು ಅವರು, ಪ್ರಸಾದ ಹಂಚಲಿಕ್ಕಲ್ಲ.

ಹಾಗಂತ ದೇವರು ಕಂಡ ಕೂಡಲೇ ನಕಲಿ ಅನ್ನಬೇಡಿ. 2012ರಲ್ಲಿ ಭಾರತ ಸರ್ಕಾರವೇ ವೈಷ್ಣೋದೇವಿಯ ನಾಣ್ಯ ತಂದಿತ್ತು. 2006ರಲ್ಲಿ ನಮ್ಮ ಬಸವಣ್ಣನವರದೂ ಬಂತು: 5 ರೂಪಾಯಿಯದು ಚಿಲ್ಲರೆಯ ಜೊತೆ ಬಸ್ಸು ಹತ್ತಿತು, 100 ರೂಪಾಯಿಯದು ಸಂಗ್ರಹಕಾರರ ಪೆಟ್ಟಿಗೆ ಸೇರಿತು. ನೋಡಬೇಕಾದ್ದು ದೇವರನ್ನಲ್ಲ, ಸಿಂಹವನ್ನು. ಸಿಂಹಮುದ್ರೆ, ಈಚಿನ ನಾಣ್ಯಗಳಲ್ಲಿ ಅದರಡಿ ಸತ್ಯಮೇವ ಜಯತೇ, ರೂಪಾಯಿಯಲ್ಲಿ ಮುಖಬೆಲೆ ಇರಬೇಕು. ಅಕ್ಷಯ ತೃತೀಯಕ್ಕೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಳ್ಳುವ ಲಕ್ಷ್ಮಿಗೆ ಗ್ರಾಂ ಉಂಟು, 999 ಉಂಟು, ರೂಪಾಯಿ ಇಲ್ಲ. ಅದು ಬೆಳ್ಳಿ, ನಾಣ್ಯವಲ್ಲ. ಸರ್ಕಾರಿ ಟಂಕಸಾಲೆಯೇ ಮುಖಬೆಲೆಯಿಲ್ಲದ ನೆನಪಿನ ಪದಕಗಳನ್ನೂ ಮಾರುತ್ತದೆ, ಅವೂ ನಾಣ್ಯವಲ್ಲ.

ಇನ್ನು ಇಸವಿಯ ಕೆಳಗಿನ ಟಂಕಸಾಲೆಯ ಗುರುತು. ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ, ಮುಂಬೈಗೆ ಸಾಮಾನ್ಯವಾಗಿ ವಜ್ರದಾಕಾರ. ಕೋಲ್ಕತ್ತಾಕ್ಕೆ ಏನೂ ಇಲ್ಲ. ಹೀಗಾಗಿ ಗುರುತಿಲ್ಲದ್ದೆಲ್ಲ ‘ಕಲ್ಕತ್ತಾ ಮಾಲು ಸಾರ್’!

ಇಂದಿರಾನಗರದ ಶೋಕೇಸುಗಳಲ್ಲಿ ಈಗ ಮೆರೆಯುವುದು ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ, 2023ರ ಮೇ 28ರಂದು ಬಿಡುಗಡೆಯಾದದ್ದು. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ. ಅರ್ಧ ಬೆಳ್ಳಿ, ಮಿಕ್ಕದ್ದು ತಾಮ್ರ, ನಿಕ್ಕಲ್, ಸತು. ಅಯಸ್ಕಾಂತಕ್ಕೆ ಅಂಟಿತೋ, ಅದು ನಕಲಿ. ಅಂಟದಿದ್ದರೂ ಹಿಗ್ಗಬೇಡಿ, ಹಿತ್ತಾಳೆಯೂ ಅಂಟುವುದಿಲ್ಲ. ಅಕ್ಕಸಾಲಿಗರ ತಕ್ಕಡಿಗೆ ಹಾಕಿಸಿ. ಟಂಕಸಾಲೆ ಇದನ್ನು ಮುಖಬೆಲೆಗೆ ಮಾರುವುದಿಲ್ಲ, ಸಾವಿರಗಳ ಲೆಕ್ಕದಲ್ಲಿ ಮಾರುತ್ತದೆ. ಹದಿನೇಳೂವರೆ ಗ್ರಾಂ ಬೆಳ್ಳಿಯನ್ನು ಎಪ್ಪತ್ತೈದಕ್ಕೇ ಕೊಡ್ತೀನಿ ಅನ್ನುವವನು ಒಂದೋ ದಡ್ಡ, ಇಲ್ಲವೋ ಅವನ ಕೈಲಿರುವುದು ಬೆಳ್ಳಿಯಲ್ಲ. ಶಿವಾಜಿನಗರದಲ್ಲಿ ದಡ್ಡ ವ್ಯಾಪಾರಿಯನ್ನು ನೀವು ಕಂಡಿದ್ದೀರಾ?