ಬಿಳಿ ಒಂದು, ವಿಲಂಬಿತ

ಸಿಂಫನಿ ಬರೆಯುವವರು ಬಲು ಹುಷಾರಿನ ಜನ. ಯಾವ ಶ್ರುತಿ, ಎಷ್ಟು ವೇಗ, ಎಂಥ ಗತ್ತು ಎಲ್ಲವನ್ನೂ ಮೊದಲೇ ಹಾಳೆಯ ಮೇಲೆ ಬರೆದಿಟ್ಟು, ಆಮೇಲೆ ಒಳಗಿನ ಸಂಗೀತಕ್ಕೆ ಕೈ ಹಾಕುತ್ತಾರೆ. ಬಿಥೋವನ್‌ನ ಐದನೇ ಸಿಂಫನಿ ಸಿ ಮೈನರ್‌ನಲ್ಲಿದೆ. ಅದರ ಮೊದಲ ಭಾಗದ ನೆತ್ತಿಯ ಮೇಲೆ ‘ಅಲೆಗ್ರೊ ಕಾನ್ ಬ್ರಿಯೊ’ ಎಂದಿದೆ; ಚುರುಕಾಗಿ, ಹುರುಪಿನಿಂದ ನುಡಿಸಿರಿ ಎಂಬ ಅಪ್ಪಣೆ. ಅಷ್ಟು ಹೇಳಿದರೂ ಸಮಾಧಾನವಾಗದೆ ಆತ 1817ರಲ್ಲಿ ಮೆಟ್ರೊನೋಮಿನ ಅಂಕಿಯನ್ನೂ ಕೊಟ್ಟ: ನಿಮಿಷಕ್ಕೆ 108. ಆ ಅಂಕಿಯನ್ನು ನಂಬಬೇಕೋ ಬೇಡವೋ ಎಂದು ವಾದ್ಯವೃಂದದವರು ಇಂದಿಗೂ ವಾದಿಸುತ್ತಿದ್ದಾರೆ. ಬರೆದಿಟ್ಟರೆ ಜಗಳ ತಪ್ಪುತ್ತದೆ ಅನ್ನುವುದು ಸುಳ್ಳು.

ಇದನ್ನು ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ತಬಲಾ ಮಾಸ್ತರರ ಮುಂದೆ ಹೇಳಿದೆ. ಅವರು ಸುತ್ತಿಗೆಯಿಂದ ಬಾಯಾಂಚು ಕುಟ್ಟುತ್ತಿದ್ದವರು ತಲೆಯೆತ್ತಿ, “ನೂರಾ ಎಂಟಂದ್ರ ಜಪದ ಲೆಕ್ಕ ಆತಲ್ರಿ. ಅವ್ರೂ ಸಿದ್ಧಾರೂಢರ ಮಠಕ್ಕ ನಡಕೊಳ್ಳವ್ರೇನು?” ಅಂದರು.

“ಹಂಗಾರ ನಿಮಗ ಲಯ ಎಷ್ಟು ಅಂತ ಯಾರು ಹೇಳ್ತಾರ್ರಿ ಮಾಸ್ತರ?”

“ಯಾರ್ ಹೇಳ್ತಾರ್ರೀ? ಹಾಡವ್ರು ಒಂದ್ಸಲ ಮುಖಡಾ ಹಿಡದ್ರ ತಿಳೀತದ. ತಿಳೀಲಿಲ್ಲಂದ್ರ ಅವ್ರು ನಮ್ಮ ಕಡೆ ತಿರುಗಿ ಒಂದ್ ನೋಟ ನೋಡ್ತಾರ. ಆ ನೋಟದಾಗ ಎಲ್ಲಾ ಬರದಿರ್ತದ.”

ಈ ಊರಿನ ಲಯವನ್ನು ಹಾಳೆಗಿಳಿಸುವುದು ಸುಲಭವೂ ಅಲ್ಲ. ಅವಳಿ ನಗರ ಅನ್ನುತ್ತೇವೆ, ಚಿಗರಿ ಬಸ್ಸು ಹತ್ತಿದರೆ ಇಪ್ಪತ್ತು ಕಿಲೋಮೀಟರಿನ ಹಾದಿ. ಆದರೆ ಎರಡು ತುದಿಯಲ್ಲಿ ಎರಡು ಲಯ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಕಿರಾಣಾ ಘರಾಣೆ, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಜೈಪುರ ಘರಾಣೆ. ಕಿರಾಣಾದವರ ಅತಿ ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ಬಿಥೋವನ್ 108 ಎಣಿಸುವಷ್ಟರಲ್ಲಿ ನಾವು 12. ಮನ್ಸೂರರಿಗೆ ಇಷ್ಟು ತಡೆದುಕೊಳ್ಳುವ ವ್ಯವಧಾನ ಇರಲಿಲ್ಲ. ತೀನತಾಲ, ಮಧ್ಯಕ್ಕೆ ಹತ್ತಿರದ ನಡಿಗೆ; ಸಮ್‌ಗೆ ಬಂದು ಕಾಲೂರುವ ಮೊದಲೇ ಮುಂದಿನ ಸುತ್ತಿಗೆ ಹೊರಟಿರುತ್ತಿದ್ದರು. ಯಾವುದು ಮೇಲು ಎಂದು ಕೇಳಬೇಡಿ. ಹಳೇ ಹುಬ್ಬಳ್ಳಿಯವನಾದ ನನ್ನ ತೀರ್ಪಿಗೆ ಧಾರವಾಡದಲ್ಲಿ ಬೆಲೆ ಇಲ್ಲ. ಅಲ್ಲದೆ, ನಮ್ಮ ಸಿದ್ಧಾರೂಢರ ಹೆಸರಿನ ರೈಲು ನಿಲ್ದಾಣದಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮು ಕಟ್ಟಿಸಿಕೊಂಡು, ಅದು ಜಗತ್ತಿಗೇ ಉದ್ದದ್ದು ಎಂದು ಎದೆಯುಬ್ಬಿಸಿ ಓಡಾಡುವ ಊರಿಗೆ ವಿಲಂಬಿತವೇ ಸರಿ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು. 1930ರ ದಶಕದ ಅವರ ಧ್ವನಿಮುದ್ರಿಕೆ ಕೇಳಿದರೆ ತೆಳ್ಳಗಿನ, ಎತ್ತರದ ಕಂಠ. ಮುಂದೆ ಗಂಟಲಿನ ಬೇನೆಗೆ ಚಿಕಿತ್ಸೆಯಾಗಿ ಶ್ರುತಿ ಕೆಳಗಿಳಿಯಿತು, ದನಿ ಗಂಡಸರದಷ್ಟು ಗಡುಸಾಯಿತು. ಅವರು ಅದನ್ನು ಮರೆಮಾಚಲಿಲ್ಲ, ಅದರಲ್ಲೇ ಮನೆ ಕಟ್ಟಿಕೊಂಡರು. ಸಿಂಫನಿಯ ಶ್ರುತಿ ಹಾಳೆಯ ಸ್ವತ್ತು. ಸಿ ಅಂದರೆ ಬರ್ಲಿನ್ನಿನಲ್ಲೂ ಸಿ, ನಮ್ಮ ಪೇಟಿಯ ಮೇಲೆ ಬಿಳಿ ಒಂದು. ನಮ್ಮ ಷಡ್ಜ ಮಾತ್ರ ಹಾಡುವವರ ಗಂಟಲಿನ ಸ್ವತ್ತು. ಮಾಲಕಂಸ ರಾಗ ಯಾವ ಪಟ್ಟಿಯಲ್ಲಿದೆ ಎಂದು ಕೇಳಿದರೆ ಮಾಸ್ತರು ನಗುತ್ತಾರೆ.

ಆದರೆ ಒಮ್ಮೆ ತಂಬೂರಿ ಕೂಡಿಸಿದ ಮೇಲೆ ಆ ಷಡ್ಜ ಕದಲುವುದಿಲ್ಲ. ಸಿಂಫನಿ ಹಾಗಲ್ಲ, ನಡುವೆ ಊರೂರು ತಿರುಗಿ ಬರುತ್ತದೆ. ಐದನೇ ಸಿಂಫನಿಯಂತೂ ಸಿ ಮೈನರ್‌ನಲ್ಲಿ ಗುಡುಗಿ ಸಿ ಮೇಜರ್‌ನಲ್ಲಿ ಮುಗಿಯುತ್ತದೆ; ನಮ್ಮ ಲೆಕ್ಕದಲ್ಲಿ ಆಸಾವರಿ ಠಾಟದಲ್ಲಿ ಕೂತವರು ಬಿಲಾವಲ್ ಠಾಟದಲ್ಲಿ ಎದ್ದಂತೆ. ನಮ್ಮ ಬೈಠಕ್ಕಿನಲ್ಲಿ ಒಂದೇ ಖ್ಯಾಲಿನಲ್ಲಿ ಹೀಗೆ ಮಾಡಿದರೆ ಮುಂದಿನ ಸಾಲಿನ ಹಿರಿಯರು ಎದ್ದು ಚಪ್ಪಲಿ ಹುಡುಕುತ್ತಾರೆ.

ಮೈನರ್ ಅಂದರೆ ದುಃಖ, ಮೇಜರ್ ಅಂದರೆ ಸಂತೋಷ ಎಂಬ ಮಾತೊಂದಿದೆ. ಮೊಜಾರ್ಟನ ನಲವತ್ತೊಂದು ಸಿಂಫನಿಗಳಲ್ಲಿ ಮೈನರ್‌ನವು ಎರಡೇ, 25 ಮತ್ತು 40, ಎರಡೂ ಜಿ ಮೈನರ್. ದುಃಖ-ಸಂತೋಷದ ಈ ಲೆಕ್ಕ ನಮ್ಮಲ್ಲಿ ನಡೆಯದು. ಕಾಫಿಯಲ್ಲಿ ಗಾಂಧಾರ, ನಿಷಾದ ಎರಡೂ ಕೋಮಲ. ಆದರೂ ಹೋಳಿಯ ಹಾಡಿಗೆ ಅದೇ ಬೇಕು. ನನ್ನ ಕಿವಿಗೆ ಕಾಣುವಂತೆ ಭಾವವನ್ನು ಹೆಚ್ಚು ಆಳುವುದು ಲಯ. ಅದೇ ರಾಗ, ಅದೇ ಗಾಯಕರು, ವಿಲಂಬಿತದಲ್ಲಿ ಕೂತವರನ್ನೆಲ್ಲ ಒಂಟಿ ಮಾಡಿ, ದ್ರುತ್‌ನಲ್ಲಿ ಪಕ್ಕದವನ ತೊಡೆ ತಟ್ಟಿಸುತ್ತದೆ. ಮನ್ಸೂರರು ತಮ್ಮ ಆತ್ಮಕಥೆಗೆ ‘ನನ್ನ ರಸಯಾತ್ರೆ’ ಎಂದು ಹೆಸರಿಟ್ಟರು. ಯಾತ್ರೆ ಎಂದ ಮೇಲೆ ನಡಿಗೆಯ ವೇಗದ ಪ್ರಶ್ನೆ ಬಂದೇ ಬಂತು.

ಸಿಂಫನಿಗೆ ವೇಗ, ನಿಧಾನ, ಕುಣಿತ, ಮತ್ತೆ ವೇಗ ಎಂದು ಸಾಮಾನ್ಯವಾಗಿ ನಾಲ್ಕು ಭಾಗ. ನಮ್ಮ ಖ್ಯಾಲಿನಲ್ಲಿ ಏರಿದ ಲಯ ಇಳಿಯುವುದಿಲ್ಲ. ನಿಧಾನವಾಗಿ ಏರುವ ಈ ನಡಿಗೆಗೆ ದೊಡ್ಡ ಏಟು ಕೊಟ್ಟದ್ದು ಗ್ರಾಮಾಫೋನು. ಗಂಗೂಬಾಯಿ ಹುಟ್ಟಿದ 1913ರಲ್ಲೇ ಆರ್ತುರ್ ನಿಕಿಶ್ ಬರ್ಲಿನ್ನಿನಲ್ಲಿ ಇದೇ ಐದನೇ ಸಿಂಫನಿಯನ್ನು ತಟ್ಟೆಗಿಳಿಸಿದ. ಎಂಟು ಮಗ್ಗುಲು ಬೇಕಾದವು. ನಮ್ಮವರಿಗೆ ಸಿಕ್ಕಿದ್ದು ಮೂರು ಮೂರೂವರೆ ನಿಮಿಷದ ಒಂದು ಮಗ್ಗುಲು. ಅತಿ ವಿಲಂಬಿತದ ಮೂರು ಆವರ್ತನಕ್ಕೇ ಸೂಜಿ ಒಳ ಅಂಚು ಮುಟ್ಟುತ್ತಿತ್ತು. ಹಾಗಾಗಿ ಹಳೆಯ ತಟ್ಟೆಗಳಲ್ಲಿ ಎಲ್ಲರಿಗೂ ಗಡಿಬಿಡಿ.

ಕುಂದಗೋಳದಲ್ಲಿ ನಾಡಿಗೇರರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ವರ್ಷಕ್ಕೊಮ್ಮೆ ಸಂಗೀತ ನಡೆಯುತ್ತದೆ. ಹೋಗಿ ಬನ್ನಿ. ವಿಲಂಬಿತ ಹಿಡಿದ ಕೂಡಲೆ ಚಹಾಕ್ಕೆಂದು ಎದ್ದು, ದ್ರುತ್ ಬರುವ ಹೊತ್ತಿಗೆ ತಿರುಗಿ ಬರುವುದು ನಮ್ಮ ಕಡೆಯ ಹಳೇ ರೂಢಿ. ದಯವಿಟ್ಟು ಅದನ್ನು ಅದಲುಬದಲು ಮಾಡಿಕೊಳ್ಳಿ. ಚಹಾ ದ್ರುತ್‌ನಲ್ಲೂ ಸಿಗುತ್ತದೆ.